ಮಗ್ಗದ ಮೇಲಿನ ಆರೋಪ

ಮೊದಲ ದಿನವೇ ತೀರ್ಪು ಕೊಟ್ಟಿದ್ದೆ:
ಮಗ್ಗದ್ದೇ ತಪ್ಪು.
ಗುಳೇದಗುಡ್ಡದಲ್ಲಿ ಬೆನ್ನು ಹಿಡಿದವರು ಬಂದರೆ
ಬೇರೆ ಯಾರ ಹೆಸರು ಬರೆಯಲಿ?
ಮೂವತ್ತೆಂಟು ವರ್ಷ ಕುಣಿಯಲ್ಲಿ ಕಾಲಿಳಿಬಿಟ್ಟು
ಖಣ ನೇಯ್ದ ಪರಪ್ಪ ಕಾಕಾನ ಬೆನ್ನು
ನನ್ನ ಮಂಚಕ್ಕೆ ಬರುವ ಮೊದಲೇ ಬಾಗಿತ್ತು.

ಐದು ದಿನ ಬಿಸಿ ಇಟ್ಟೆ, ಕರೆಂಟು ಇಟ್ಟೆ,
ಮೊಣಕಾಲು ಎದೆಗೆ ತಂದು ಎಣಿಸಲು ಕಲಿಸಿದೆ.
ಹತ್ತು ಅಂದರೆ ಹನ್ನೆರಡು ಎಣಿಸುತ್ತಿದ್ದ,
ಅಂಚಿಗೆ ಎರಡೆಳೆ ಹೆಚ್ಚೇ ಹಾಕುವವನು.

ಆರನೆಯ ದಿನ ನಗುತ್ತ ಬಂದ.
"ನಿಮ್ಮ ಕಸರತ್ತಿಗೆ ತೆಳ್ಳಗಾಗೀನ್ರಿ ಬಾಯಾರ,
ಉಡದಾರ ಜಾರಾಕ ಹತ್ತಿತ್ತು,
ಇನ್ನೊಂದು ಗಂಟು ಹಾಕೀನಿ."
ನಾನೂ ನಕ್ಕೆ.
ನಗು ಅರ್ಧಕ್ಕೆ ನಿಂತಿತು.

ಬಾಗಿಲಲ್ಲಿ ಕಸ್ತೂರೆವ್ವ ಚಪ್ಪಲಿ ಬಿಡದೆ ನಿಂತಿದ್ದಳು.
"ಹಗಲ ಹೆಂಗರ ಆಗ್ಲಿ,
ರಾತ್ರಿ ಮೂರಕ್ಕ ಮಗ್ಗದ ಸಪ್ಪಳ ಕೇಳ್ತೈತ್ರಿ.
ಮಲಗೂದ್ಕಿಂತ ಕುಂತು ನೇಯೂದ ವಾಸಿ ಅಂತಾರ."

ಅಂದರೆ
ನಾನು ಕಳ್ಳನೆಂದವನ ಮನೆಯಲ್ಲೇ
ಕಳಕೊಂಡವನು ರಾತ್ರಿ ಆಸರೆ ಪಡೆದಿದ್ದ.

ದುಡಿಮೆಯ ನೋವಿಗೆ ಒಂದು ಮರ್ಯಾದೆ ಇದೆ.
ಬಾಗಿದರೆ ಬೈಯುತ್ತದೆ, ಒರಗಿದರೆ ಸುಮ್ಮನಾಗುತ್ತದೆ,
ನಸುಕಿನಲ್ಲಿ ಒಂದು ತಾಸಾದರೂ
ನಿದ್ದೆ ಬಿಟ್ಟುಕೊಡುತ್ತದೆ.
ಇದು ಹಾಗಲ್ಲ.
ಯಾವ ಮಗ್ಗುಲಿನ ಮಾತೂ ಕೇಳದೆ
ಕತ್ತಲಲ್ಲಿ ಕಣ್ಣು ತೆರೆದು ಕೂತಿರುವ ನೋವು.

ಮಷೀನಿನ ಪಿನ್ನು ಕಿತ್ತು ಕುರ್ಚಿ ಹತ್ತಿರ ಎಳೆದೆ.
ಮೊದಲ ದಿನ ಕೇಳಬೇಕಿದ್ದುದನ್ನು ಈಗ ಕೇಳಿದೆ.
ಜ್ವರ ಬರ್ತಾವೇನು? ಊಟ ಸೇರ್ತೈತೇನು?
ಕೂಡುವ ಜಾಗದಾಗ ಜೋಮು?
ಉಚ್ಚಿ ಸರಾಗ ಹೋಗ್ತೈತೇನು?

ಕಾಕಾ ಗೋಡೆಯ ಕ್ಯಾಲೆಂಡರು ನೋಡಿದ.
ಮಗಳ ವಯಸ್ಸಿನವಳು ಕೇಳುವ ಮಾತೇ ಇದು?
"ನಿಂತು ನಿಂತು ಬರತೈತ್ರಿ," ಅಂದ,
ಕ್ಯಾಲೆಂಡರಿಗೆ.

ಹಿಂದೊಮ್ಮೆ ಒಬ್ಬ ಟೀಚರಮ್ಮನಿಗೆ
ಇದೇ ಪ್ರಶ್ನೆ ಕೇಳಲು ನಾಚಿ ಬಿಟ್ಟಿದ್ದೆ.
ಈಗ ಕೋಲು ಹಿಡಿದು ನಡೆಯುತ್ತಾಳೆ.
ಸಂತೆಯಲ್ಲಿ ಕಂಡರೆ ತಾನೇ ಮೊದಲು ಮಾತಾಡಿಸುತ್ತಾಳೆ.
ಅದೇ ತಡೆಯಲಾಗದು.

ಬೆನ್ನಿನ ಮಣಿಮಣಿಯ ಮೇಲೆ
ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತ ಇಳಿದೆ.
ಒಂದು, ಎರಡು, ಮೂರು,
ನಾಲ್ಕಕ್ಕೆ
ಹಾಸಿನ ಎಳೆ ಪಟ್ಟನೆ ಹರಿದ ಹಾಗೆ
ಇಡೀ ಮೈ ಒಮ್ಮೆ ಅದುರಿತು.
ಬಾಯಿಂದ ಸಪ್ಪಳ ಬರಲಿಲ್ಲ.

ಬಾಗಲಕೋಟೆಯ ಡಾಕ್ಟರಿಗೆ ಚೀಟಿ ಬರೆಯಲು ಕೂತೆ.
ರೋಗದ ಹೆಸರು ನನಗೆ ಗೊತ್ತಿಲ್ಲ.
ಗೊತ್ತಿದ್ದುದು, ಇದು ನನ್ನ ಕೈಯ ಕೆಲಸವಲ್ಲ ಎಂಬುದು ಮಾತ್ರ.
ಉಡದಾರದ ಸಂಗತಿಯನ್ನೂ ಬರೆದೆ,
ಡಾಕ್ಟರು ನಕ್ಕರೆ ನಗಲಿ.
ಕೊನೆಗೆ 'ಇವತ್ತೇ ನೋಡಿ' ಎಂದು ಬರೆದು
'ಇವತ್ತೇ' ಕೆಳಗೆ ಎರಡು ಗೆರೆ ಎಳೆದೆ.

"ಇವತ್ತ ಕರೆಂಟ್ ಇಡೂದಿಲ್ಲೇನ್ರಿ?"
"ಇಲ್ಲ ಕಾಕಾ."
"ಮಗ್ಗಕ್ಕ ಅರ್ಧ ಖಣ ಐತಿ,
ಇಳಿಸಿ ನಾಳಿಗೆ ಹೋಗ್ತೀನಿ."
"ಹನ್ನೊಂದರ ಬಸ್ಸಿಗೆ ಹೋಗ್ರಿ."
ಕಸ್ತೂರೆವ್ವ ಆಗಲೇ ಮೆಟ್ಟಿಲು ಇಳಿದಿದ್ದಳು.

ಅಂಗಿಯ ಒಳಕಿಸೆಯಿಂದ ನೋಟು ತೆಗೆದ.
ನಾನು ಇಸಕೊಳ್ಳಲಿಲ್ಲ.
ಅಲ್ಲಿಯವರೆಗೂ ಹೆದರದ ಮನುಷ್ಯ
ಆ ನೋಟು ಕೈಯಲ್ಲೇ ಉಳಿದಾಗ ಹೆದರಿದ.

ಅವನ ಕಾರ್ಡು ತೆಗೆದೆ. ಕಾರಣ: ಮಗ್ಗ.
ನನ್ನದೇ ಅಕ್ಷರ, ಎಷ್ಟು ದುಂಡಗೆ!
ಗೀಟು ಹಾಕಿದೆ.
ಪಕ್ಕದ ಜಾಗ ಖಾಲಿ ಬಿಟ್ಟೆ.

ಹೊರಗೆ ಬಾಕಿನ ಮೇಲಿಂದ ಮತ್ತೊಬ್ಬಳು
ಭುಜ ಒತ್ತಿಕೊಳ್ಳುತ್ತ ಎದ್ದು ಬಂದಳು.
"ರೊಟ್ಟಿ ಬಡದು ಬಡದು ಹಿಂಗಾಗೈತ್ರಿ."
ಇರಬಹುದು.
"ರೊಟ್ಟಿ ಮಾತು ಆಮ್ಯಾಲ ಅಕ್ಕಾ.
ಕೂಡ್ರಿ.
ಮೆಟ್ಟಿಲು ಹತ್ತಿದ್ರ ನೂಸ್ತೈತೇನು?
ರಾತ್ರಿ ನಿದ್ದಿ ಹೆಂಗೈತಿ?"