ಒಂದು ಮೀಟರ್ ಚೌಕ

ನಾಲ್ಕು ಅಲ್ಯೂಮಿನಿಯಂ ಪಟ್ಟಿ, ಮೂಲೆಗೊಂದು ತಿರುಪು.
ಶಿರಾ ಸೀಮೆಯ ತಗ್ಗಿನಹಟ್ಟಿ ಕಾವಲಿನಲ್ಲಿ ಇಳಿಸಿ
ಮಂಡಿಯೂರಿದರೆ ಇವತ್ತಿನ ಜಗತ್ತು ಇಷ್ಟೇ.

ನನ್ನ ಕೈಲಿ ಪೆನ್ಸಿಲು. ಜುಂಜಕ್ಕನ ಬಾಯಲ್ಲಿ ಹೆಸರು.
"ಗಂಜಿಗರಿಕೆ. ಹಂಚಿ. ಕರಡ.
ಇದು ಕೊಗ್ಗಿ, ಇದು ವಿಷ್ಣುಕ್ರಾಂತಿ,
ಇದು ನೆಗ್ಗಿಲು, ನೋಡ್ಕಂಡು ಕೂರು."
ಹದಿನೆಂಟಕ್ಕೆ ಬಂದು ನಿಂತಳು.
ಶುರುವಿನಲ್ಲಿ ಹತ್ತೊಂಬತ್ತಿತ್ತು.

ತಂತಿಯಾಚೆ ಇನ್ನೊಂದು ತುಂಡು,
ಉತ್ತು ಹಸನು ಮಾಡಿ ಒಂದೇ ಮೇವಿನ ಬೀಜ ಬಿತ್ತಿದ್ದು.
ಮೊದಲ ವರ್ಷ ಎದೆಯುದ್ದ ಬೆಳೆಯಿತು.
ಬಂದವರೆಲ್ಲ ಅದರ ಮುಂದೆಯೇ ಫೋಟೊ ತೆಗೆಸಿಕೊಂಡರು.
ನನ್ನ ಮೊಬೈಲಿನಲ್ಲೂ ಒಂದಿದೆ.

ಆಮೇಲೆ ಆರಿದ್ರೆ ಕೈಕೊಟ್ಟ ವರ್ಷ.
ಎದೆಯುದ್ದದ್ದು ಒಟ್ಟಿಗೇ ಕಾದಿತು, ಒಟ್ಟಿಗೇ ಒಣಗಿತು,
ಊರೆಲ್ಲ ಬಾರದ ಒಂದೇ ಬಸ್ಸಿಗೆ ನಿಂತ ಹಾಗೆ.
ಇತ್ತ ಗಂಜಿಗರಿಕೆಯೂ ಸುರುಟಿತು, ನಿಜ.
ಅದು ಬಿಟ್ಟ ಜಾಗಕ್ಕೆ ಹಂಚಿ ಕಾಲು ಚಾಚಿತು,
ಉತ್ತರೆಯ ನಾಲ್ಕು ಹನಿಗೆ ಕೊಗ್ಗಿ ಎದ್ದಿತು,
ಯಾರೂ ಕರೆಯದ ಕಾಡುಹೆಸರು ಹಬ್ಬಿತು.
ಕೊಯ್ದು, ಬೇರೆ ಬೇರೆ ಕಾಗದದ ಚೀಲಕ್ಕೆ ತುಂಬಿ,
ಒಣಗಿಸಿ ತೂಗಿದೆವು.
ಒಂದರ ತೂಕ ಅರ್ಧಕ್ಕಿಳಿದಿತ್ತು, ಒಂದರದು ಮೂರು ಪಟ್ಟು,
ಒಂದು ಚೀಲ ಖಾಲಿ.
ಕೂಡಿಸಿದರೆ
ಮೊದಲ ವರ್ಷಕ್ಕಿಂತ ಮೂವತ್ತು ಗ್ರಾಂ ಕಮ್ಮಿ.
ಮತ್ತೆ ಕೂಡಿಸಿದೆ.
ಅಷ್ಟೇ.

ಗಟ್ಟಿ ಎಂದರೆ ಅಲುಗದ್ದು ಅಂದುಕೊಂಡಿದ್ದೆ.
ಇಲ್ಲಿ ಅಲುಗದ್ದು ಒಂದೂ ಇಲ್ಲ.
ಏಳುತ್ತವೆ, ಬೀಳುತ್ತವೆ, ಒಂದೊಂದು ಒಂದೊಂದು ಮಳೆಗೆ;
ಎಲ್ಲ ಒಂದೇ ದಿನ ಬೀಳುವುದಿಲ್ಲ, ಅದೇ ಕಾವಲಿನ ಕಾವಲು.

ಜುಂಜಕ್ಕನಿಗೆ ಇದೇನು ಹೊಸದಲ್ಲ.
"ಒಂದೇ ಹುಲ್ಲು ಮೇದ ಕುರಿ ಹಾಲು ಬರೀ ನೀರು ಕಣಮ್ಮ"
ಎನ್ನುತ್ತ ಸೆರಗಿಗೆ ಚುಚ್ಚಿದ ಊಬು ಕೀಳುತ್ತಾಳೆ,
ಕಿತ್ತು ಚೌಕದೊಳಕ್ಕೇ ಎಸೆಯುತ್ತಾಳೆ.
ಲೆಕ್ಕ ಕೆಡುತ್ತೆ ಅಂದೆ.
"ಕುರಿ ಉಣ್ಣೇಲಿ ಬಂದ್ರೆ ಲೆಕ್ಕ, ನನ್ ಸೀರೇಲಿ ಬಂದ್ರೆ ಅಲ್ವಾ?"

ಸರಿ, ಆ ಹತ್ತೊಂಬತ್ತನೆಯದು?
ಬೆರಳಲ್ಲಿ ಮಣ್ಣು ಕೆದಕಿ ಬಹಳ ಹೊತ್ತು ನೋಡಿದಳು.
"ಮಲ್ಕಂಡೈತೋ, ಹೊಂಟೇ ಹೋಯ್ತೋ.
ಸ್ವಾತಿ ಹುಯ್ಲಿ, ನೋಡಾನ."

ಫಾರಂನಲ್ಲಿ ಇರುವುದು ಎರಡೇ ಕಲಂ: ಇದೆ, ಇಲ್ಲ.
ಎರಡರ ನಡುವಿನ ಗೆರೆಯ ಮೇಲೆ
ಪೆನ್ಸಿಲಿನ ಮೊನೆ ಇಟ್ಟುಕೊಂಡೇ ಇದ್ದೇನೆ.
ಜುಂಜಕ್ಕ ಪಟ್ಟಿ ಎತ್ತಿಕೊಂಡು ಹೋಗಿ
ಇಪ್ಪತ್ತು ಹೆಜ್ಜೆ ಆಚೆ ಇಳಿಸಿ
"ಹಂಚಿ" ಅಂತ ಕೂಗುತ್ತಿದ್ದಾಳೆ.