ಶೇಕ್ ಆಗಿದೆ

ಗುಂತಕಲ್ಲಿನ ರೈಲ್ವೆ ಮೈದಾನದಲ್ಲಿ ಹಳೇ ಉಗಿಯಂತ್ರಗಳ ಮೇಳ.
ಆದವಾನಿಯ ಹತ್ತಿ ಜಿನ್ನಿನಿಂದ ಬಂದದ್ದೊಂದು,
ರಸ್ತೆ ತುಳಿದು ತುಳಿದು ಸುಸ್ತಾದ ರೋಲರೊಂದು,
ನಡುವೆ ಅರವತ್ತು ಅಡಿ ಹಳಿ ಹಾಸಿ ನಿಲ್ಲಿಸಿದ
ಮೀಟರ್ ಗೇಜಿನ ಇಂಜಿನ್ನು, ಬಣ್ಣದ ವಾಸನೆ ಇನ್ನೂ ಆರಿಲ್ಲ.

ಫೋಟೋ ಸ್ಪರ್ಧೆ. ಪ್ರವೇಶಕ್ಕೆ ಇನ್ನೂರು.
ನಾನೂ ಕಟ್ಟಿದೆ. ವಾರದ ಆರು ದಿನ
ಆಧಾರಿಗೆ, ಹಾಲ್ ಟಿಕೆಟ್ಟಿಗೆ, ಗೋಡೆಯ ಹಾರಕ್ಕೆ
ಮುಖ ಕತ್ತರಿಸಿ ಕೊಡುವವಳು ನಾನು.
ಏಳನೆಯ ದಿನ, ನನ್ನ ಕಡೆ ನೋಡದ
ಏನಾದರೊಂದು ಬೇಕಿತ್ತು.

ನಲವತ್ತಮೂರು ಮಂದಿ.
ಕರ್ನೂಲಿನವನ ಲೆನ್ಸು ಬೂದುಗುಂಬಳದಷ್ಟು.
ಒಬ್ಬ ಏಣಿ ತಂದಿದ್ದ, ಒಬ್ಬ ಹಳಿಯ ನಡುವೆ ಬೋರಲು ಮಲಗಿದ್ದ.
ಮೈಕಿನವನು ಉಗ್ಗಾಣಿ ಜಗಿಯುತ್ತಲೇ ನಿಯಮ ಓದಿದ.

ಮೇಲೆ, ಬೆಂಕಿಯ ಬಾಯಿಗೆ, ಮಸ್ತಾನಪ್ಪ.
ಹದಿನೇಳು ವರ್ಷ ಫೈರ್‌ಮನ್ನು; ಆಮೇಲೆ ಡೀಸೆಲ್ ಬಂತು,
ಉಳಿದ ನೌಕರಿಯೆಲ್ಲ ಗೇಟು ಕಾದದ್ದು.
ಕಲ್ಲಿದ್ದಲನ್ನು ಮುಷ್ಟಿಗಾತ್ರಕ್ಕೆ ಒಡೆದು
ಮೂಲೆಗೊಂದು ಸಲಿಕೆ, ಬಾಗಿಲ ಬಳಿ ಒಂದು,
ನಡುವೆ ತೆಳ್ಳಗೆ,
ಸಾಲದ ಪುಸ್ತಕ ಬರೆಯುವ ಶೆಟ್ಟರ ಹಾಗೆ, ಚಿತ್ತಿಲ್ಲದೆ.
ಎಂಟೂವರೆಯಿಂದ ಕೊಳವೆ ಸುಮ್ಮನಿತ್ತು.
ಮುಳ್ಳು ಮಾತ್ರ ಏರುತ್ತಿತ್ತು.

"ಪೊಗ! ಪೊಗ!" ಕೆಳಗಿನಿಂದ ಕೂಗು.
ನಾವು ಹೊಗೆ ಮಾಡಿ ಕಳೆದುಕೊಂಡ ಪಕಾರವನ್ನು
ತೆಲುಗಿನವರು ಇನ್ನೂ ಜೋಪಾನ ಇಟ್ಟಿದ್ದಾರೆ.
"ಹೊಗೆ ಬಿಡ್ರೀ ತಾತ!" ಇದು ಬಳ್ಳಾರಿ ಹುಡುಗರು.
ಅವನು ಬಗ್ಗಿ ಹೇಳಿದ್ದು ಹತ್ತಿರವಿದ್ದ ನನಗಷ್ಟೇ ಕೇಳಿಸಿತು:
"ಕರ್ರಗೆ ಬಂದ್ರೆ ದಂಡ ಹಾಕ್ತಿದ್ರಮ್ಮ,
ಇವನಿಗೆ ಬೆಂಕಿ ಬರಲ್ಲ ಅಂತ.
ಪೂರ್ತಿ ಸುಟ್ರೆ ಮ್ಯಾಲೆ ಏನೂ ಕಾಣಬಾರದು."

ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಊರೆಲ್ಲ ಹೇಳುತ್ತದೆ.
ಹೊಗೆಯಿಲ್ಲದೆ ಉರಿಯುವವರ ಮೇಲೆ
ಗಾದೆ ಕಟ್ಟಲು ಯಾರಿಗೂ ತೋಚಿಲ್ಲ.

ಕೊಳವೆಯ ಬಾಯ ಮೇಲೆ ನೋಡಿದೆ. ಏನೂ ಇರಲಿಲ್ಲ.
ಅದರಾಚೆ ನಿಲ್ದಾಣದ ಹಳದಿ ಹಲಗೆ.
ಗುಂತ ಗಟ್ಟಿಯಾಗಿ ನಿಂತಿತ್ತು;
ಕಲ್ಲು ಮಾತ್ರ
ನೀರೊಳಗಿನ ಬೇರಿನ ಹಾಗೆ ಬಳುಕುತ್ತಿತ್ತು.
ಒತ್ತಿದೆ. ಒಂದೇ ಸಲ.

ಅಷ್ಟರಲ್ಲಿ ಸಮಿತಿಯ ಶೇಕ್ಷಾವಲಿ
ಡೀಸೆಲ್ಲಿನಲ್ಲಿ ಅದ್ದಿದ ಹತ್ತಿ ವೇಸ್ಟಿನ ಉಂಡೆಗಳನ್ನು
ಮುದುಕನ ಕಂಕುಳ ಕೆಳಗಿಂದಲೇ ಒಳಕ್ಕೆಸೆದ.
ಎದ್ದಿತು ನೋಡಿ ಕಪ್ಪು!
ನಲವತ್ತೆರಡು ಕ್ಯಾಮೆರಾ ಹುರಿಗಡಲೆಯಂತೆ ಸಿಡಿದವು.
ಕ್ವಾರ್ಟರ್ಸಿನ ಹೆಂಗಸರು ಬೈಯುತ್ತ
ಹಗ್ಗದ ಸೀರೆ ಎಳೆದುಕೊಂಡು ಒಳಗೋಡಿದರು.
ಮಸ್ತಾನಪ್ಪ ಇಳಿದ. ನಲ್ಲಿಯ ಹತ್ತಿರ
ತನ್ನದಲ್ಲದ ಮಸಿಯನ್ನು ಬಹಳ ಹೊತ್ತು ತೊಳೆದ.

ಬಹುಮಾನ ಕರ್ನೂಲಿಗೆ ಹೋಯಿತು.
ಮರಳಿ ಬಂದ ನನ್ನ ಪ್ರಿಂಟಿನ ಬೆನ್ನಿಗೆ
ತೀರ್ಪುಗಾರರ ಕೆಂಪು ಶಾಯಿ: ಶೇಕ್ ಆಗಿದೆ.

ನವೆಂಬರಿನಲ್ಲಿ ಅಂಗಡಿಗೆ ಬಂದ,
ಪಿಂಚಣಿ ಕಾಗದಕ್ಕೆ ಪಾಸ್‌ಪೋರ್ಟ್ ಸೈಜು ಬೇಕಂತೆ.
ಮೇಜಿನ ಗಾಜಿನಡಿ ಆ ಪಟ ಕಣ್ಣಿಗೆ ಬಿತ್ತು.
ಕನ್ನಡಕ ಏರಿಸಿ, ಇಂಜಿನ್ನನ್ನು ಬಿಟ್ಟು,
ಕೊಳವೆಯ ಮೇಲಿನ ಖಾಲಿಗೆ ಬೆರಳು ತಂದ.
ಮುಟ್ಟಲಿಲ್ಲ; ಅರ್ಧ ಅಂಗುಲ ದೂರದಲ್ಲೇ ನಿಲ್ಲಿಸಿದ,
ಸುಟ್ಟೀತೆಂಬ ಹಾಗೆ.
"ನೂರಾ ನಲವತ್ತು ಪೌಂಡು," ಅಂದ.
"ಆಗ ನೂರಾ ನಲವತ್ತಿತ್ತು."

ಸ್ಟೂಲಿನ ಮೇಲೆ ಕೂರಿಸಿದೆ. ಕಿವಿ ಎರಡೂ ಕಾಣಬೇಕು,
ನಗಬಾರದು, ಅಲ್ಲಾಡಬಾರದು ಎಂದೆ.
ಅಲ್ಲಾಡಿದ.
ಎರಡನೆಯದನ್ನು ಎಂಟು ಪ್ರತಿ ಮಾಡಿ ಕೊಟ್ಟೆ, ಅರವತ್ತು ರೂಪಾಯಿ.
ಮೊದಲನೆಯದು ನನ್ನ ಹತ್ತಿರವಿದೆ.