ಅಂಬು ತಂಗುವ ಜಾಗ

ಥಿಂಫುವಿನ ಅಂಗಡಿಯಲ್ಲಿ ಗಾಜಿನ ಮೇಲೆ ಎರಡಿಟ್ಟರು.
ಒಂದು, ಒಳಮುಖವಾಗಿ ಬ್ರಶ್ಶಿನ ಕೂದಲು ನೆಟ್ಟ ಬಳೆ:
ಅಂಬನ್ನು ಅಪ್ಪಿಕೊಂಡೇ ಇರುತ್ತದೆ,
ಬಿಲ್ಲು ತಲೆಕೆಳಗು ಮಾಡಿದರೂ ಬೀಳಗೊಡುವುದಿಲ್ಲ;
ಗರಿ ಮಾತ್ರ ಮೈ ತಿಕ್ಕಿಸಿಕೊಂಡು ಹೊರಡಬೇಕು.
ಇನ್ನೊಂದು, ಎರಡು ಬೆರಳಿನ ಕವಲು:
ಹೆದೆ ಎಳೆದಾಗ ಏಳುತ್ತದೆ,
ಬಿಟ್ಟಾಗ ಬಿದ್ದು ದಾರಿ ಕೊಡುತ್ತದೆ.

ಅಂಗಡಿಯವನೆಂದ: ಬಳೆಗೆ ಚಿಂತೆಯಿಲ್ಲ, ಸವೆದರೆ ಇನ್ನೊಂದು.
ಇದು ಬೇಕಾದರೆ, ಬೀಳುತ್ತದೋ ಇಲ್ಲವೋ
ದಿನಾ ನೋಡಿಕೊಳ್ಳಬೇಕು.
ಅಣ್ಣ ಗ್ಯೆಂಬೊ ಬೀಳುವುದನ್ನೇ ಕೊಂಡ.
ಅತ್ತಿಗೆಗೆ ಅರ್ಧ ಬೆಲೆ ಹೇಳಿದ.

ಮಾವ ಲ್ಹೆಂದುಪ್ ಬಿದಿರುಬಿಲ್ಲಿನ ಕಾಲದವನು.
ಎಡಗೈ ತೋರುಬೆರಳ ಗೆಣ್ಣಿನ ಮೇಲೆ ಉದ್ದಕ್ಕೆ ಕಲೆ,
ನೂರಾರು ಅಂಬು ಉಜ್ಜಿ ಹೋದ ಹಾದಿ.
'ನಮಗೆ ಇದೇ' ಎಂದು ಮಕ್ಕಳಿಗೆಲ್ಲ
ಮುಟ್ಟಿ ನೋಡಲು ಕೊಡುತ್ತಾನೆ.

ನಮ್ಮ ಹಾ ಕಣಿವೆಯಲ್ಲಿ ಗುರಿಹಲಗೆ
ನೂರ ನಲವತ್ತೈದು ಮೀಟರ್ ಆಚೆ.
ಅಷ್ಟು ದೂರದ ಪಯಣಿಗ
ಕವಲಿನ ಮೇಲೆ ಕೂರುವುದು ರೆಪ್ಪೆ ಬಡಿಯುವಷ್ಟೂ ಇಲ್ಲ.
ಇಲ್ಲಿ ಕೂದಲೆಳೆ ತಪ್ಪಿದರೆ
ಅಲ್ಲಿ ಮೂರು ಮಾರು.

ಲೋಂಬಾ ಹಬ್ಬಕ್ಕೆ ಹತ್ತು ದಿನವಿರುವಾಗ
ಅಂಬು ನಾಯಿಯ ಹಾಗೆ ಬಾಲ ಅಲ್ಲಾಡಿಸತೊಡಗಿತು.
ಎದುರು ಹಳ್ಳಿಯವರು ಏನೋ ಮಾಡಿಸಿದ್ದಾರೆ ಎಂದ ಅಣ್ಣ.
ಜ್ಯೋತಿಷಿಗೆ ಬೆಣ್ಣೆ ಒಯ್ದ,
ತುಪ್ಪಳದ ಹಾಸಿಗೆ ಬಿಟ್ಟು ಉಗ್ರಾಣದಲ್ಲಿ ಮಲಗಿದ.
ಬಾಲ ಅಲ್ಲಾಡುತ್ತಲೇ ಇತ್ತು.

ಹೆಂಗಸರು ಬಿಲ್ಲು ಮುಟ್ಟುವಂತಿಲ್ಲ.
ರಾಜಧಾನಿಯಲ್ಲಿ ಹುಡುಗಿಯರೇ ಹೆದೆ ಎಳೆಯುತ್ತಾರಂತೆ;
ನಮ್ಮ ಗೋಡೆಯ ಮೊಳೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಒಂದು ಬೆಳಿಗ್ಗೆ ನನ್ನ ಮಗ್ಗದ ಪಕ್ಕ ಬಂದು ನಿಂತ,
ಮುಖ ಬೆಟ್ಟದ ಕಡೆ.
'ನಿನ್ನ... ಆ ತುಟಿಗೆ ಹಚ್ಚುವುದು. ಸ್ವಲ್ಪ.'
ಯಾರೋ ಉಪಾಯ ಹೇಳಿದ್ದರಂತೆ.
ಕೊಟ್ಟೆ. ಪಾರೋ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ಎರಡೇ ಮದುವೆ ಕಂಡದ್ದು.
ಗರಿಯ ಅಂಚಿಗೆಲ್ಲ ಬಳಿದ, ದಪ್ಪಗೆ,
ಅವಸರದಲ್ಲಿ ಮಗು ಹಚ್ಚಿಕೊಂಡ ಹಾಗೆ.
ಎಳೆದ. ಬಿಟ್ಟ.

ಕವಲಿನ ಎಡಬೆರಳ ಮೇಲೆ ಕೆಂಪು ಗೆರೆ.

ಎಷ್ಟೋ ಹೊತ್ತು ನೋಡಿದ, ಮುತ್ತಿನ ಕಲೆ ಕಂಡ ಹೆಂಡತಿಯ ಹಾಗೆ.
ನಾನು ಕೂತಲ್ಲಿಂದಲೇ ಅಂದೆ:
ಅದರ ದಾರ ಬಿಗಿಯಾಗಿದೆ, ಅಣ್ಣ.
ಬೀಳಬೇಕಾದದ್ದು ತಡವಾಗಿ ಬೀಳುತ್ತಿದೆ,
ಅಷ್ಟರಲ್ಲಿ ಗರಿ ಬಂದು ಎಡವುತ್ತಿದೆ.
ಬಾರ್ಲಿಕಾಳಿನಷ್ಟು ಸಡಿಲಿಸು.
'ನಿನಗೆ ಹೇಗೆ ಗೊತ್ತು?'
ಹನ್ನೆರಡು ವರ್ಷದಿಂದ ಸೊಂಟಕ್ಕೆ ಮಗ್ಗ ಕಟ್ಟಿಕೊಂಡವಳಿಗೆ
ದಾರದ ಬಿಗಿ ಕೇಳುತ್ತಾನೆ.

ಅವನ ಬೆರಳೋ ಕಂಬಳಿಯಷ್ಟು ದಪ್ಪ.
ಗಂಟು ಬಿಚ್ಚದು, ಬಿಚ್ಚಿದರೆ ಕೂರದು.
ಕೊನೆಗೆ ಸ್ಕ್ರೂ ಕಳಚಿ,
ಕವಲನ್ನು ತಂದು ನನ್ನ ಮುಂದೆ ಚಾಪೆಯ ಮೇಲಿಟ್ಟ.
ಬಿಲ್ಲು ಅಲ್ಲಿದೆ, ಗೋಡೆಯ ಮೇಲೆ.
ಇದು ಬಿಲ್ಲಲ್ಲ, ಅಲ್ಲವೇ?
ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಬೆರಳುಗಳ ಫೆಲ್ಟ್ ಸವೆದು ಲೋಹ ಇಣುಕುತ್ತಿತ್ತು.
ಮಾವನ ಹಳೇ ಬೂಟಿನ ಒಳಪದರ ಕತ್ತರಿಸಿ ಅಂಟಿಸಿದೆ.
ಕೀಲಿನ ಧೂಳು ಸೂಜಿಮೊನೆಯಿಂದ ತೆಗೆದೆ.
ಒಂದೇ ಹನಿ ಎಣ್ಣೆ; ಹೆಚ್ಚಾದರೆ ಚಳಿಗೆ ಹೆಪ್ಪುಗಟ್ಟೀತು.
ನನ್ನ ನೇಯ್ಗೆಯ ಗಂಟೇ ಹಾಕಿಕೊಟ್ಟೆ,
ಅವನು ಬಿಲ್ಲಿಗೆ ಕಟ್ಟಿಕೊಂಡ.
ಬೆರಳಿನಿಂದ ಎತ್ತಿ ಬಿಟ್ಟು ನೋಡಿದ:
ಬಿತ್ತು. ಸದ್ದಿಲ್ಲದೆ ಬಿತ್ತು.

ಹಬ್ಬದ ದಿನ ಮೂರು ಬಾರಿ ಹಲಗೆ ಕಟ್ ಎಂದಿತು.
ಗಂಡಸರು ಸುತ್ತು ಕಟ್ಟಿ ಕುಣಿದರು,
ಅಣ್ಣನ ನಡುವಿಗೆ ಬಣ್ಣದ ವಸ್ತ್ರ ಸಿಕ್ಕಿಸಿದರು.
ನಾವು ಹೆಂಗಸರು ಬೇಲಿಯಾಚೆ ಸಾಲುಗಟ್ಟಿ
ಎದುರು ಹಳ್ಳಿಯವರ ಮೂಗು, ಕಾಲು, ಗುರಿ
ಎಲ್ಲವನ್ನೂ ಹಾಡಿನಲ್ಲಿ ಹೀಯಾಳಿಸಿದೆವು.
ನಾಲ್ಕನೆಯದು ಹೊಳೆಗೆ ಬಿತ್ತು.
ಅದಕ್ಕೆ ನನ್ನ ಗಂಟು ಕಾರಣವಲ್ಲ, ಅಷ್ಟು ಹೊತ್ತಿಗೆ
ಅವನು ಬಹಳ ಆರಾ ಕುಡಿದಿದ್ದ.

ಈಗ ತಿಂಗಳಿಗೊಮ್ಮೆ
ಚಾಪೆಯ ಮೇಲೆ ಕವಲು ಬಂದು ಕೂತಿರುತ್ತದೆ,
ಮಾತಿಲ್ಲದೆ, ಹೊಲಿಗೆಗೆ ಬಂದ ಅಂಗಿಯ ಹಾಗೆ.
ಲಿಪ್‌ಸ್ಟಿಕ್ಕಿನ ದುಡ್ಡು ಇನ್ನೂ ಬಂದಿಲ್ಲ.